ಜಪಾನಿನವರು ಹೂಂ ಅನ್ನುವವರೆಗೆ

ಎರಡು ದೇಶಗಳ ದೊಡ್ಡವರು ಕೈಕುಲುಕುವ ಫೋಟೋ ಆಗಾಗ ಪೇಪರಿನಲ್ಲಿ ಬರುತ್ತದೆ. ಕೆಳಗೆ ‘ಕೈಗಾರಿಕಾ ಸಹಕಾರಕ್ಕೆ ಹೊಸ ಹಾದಿ’ ಎಂದಿರುತ್ತದೆ. ಆ ಹಾದಿ ಹುಣಸಮಾರನಹಳ್ಳಿ ದಾಟಿ, ಚಿಕ್ಕಜಾಲದ ಹತ್ತಿರ ಏರ್‌ಪೋರ್ಟ್ ರೋಡಿನಿಂದ ಎಡಕ್ಕೆ ತಿರುಗಿ, ನಮ್ಮ ಶೆಡ್ಡಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಏನಾಗುತ್ತದೆ ಎಂಬುದು ಪೇಪರಿನಲ್ಲಿ ಬರುವುದಿಲ್ಲ. ನಮಗೆ ಮಾತ್ರ ದಿನಾ ಆಗುತ್ತಿರುತ್ತದೆ.

ನಾನು ಯಲಹಂಕದಲ್ಲಿ ಬಿಎಸ್ಸಿ ಓದಿದೆ. ಈ ಕಾರ್ಖಾನೆಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತೇನೆ. ವಿಭಾಗ ಅಂದರೆ ನಾನು, ಒಂದು ಮೇಜು, ಒಂದು ಮೈಕ್ರೋಮೀಟರ್. ನಾವು ಮಾಡುವುದು ಉಕ್ಕಿನ ಬುಷ್. ಕಾರಿನ ಬಾಗಿಲು ತಿರುಗುವ ಜಾಗದಲ್ಲಿ ಕೂರುವ, ಉಂಗುರದಂಥ ಸಣ್ಣ ತುಂಡು. ಯಜಮಾನರದು ಇಲ್ಲಿಯದೇ ಒಕ್ಕಲುತನದ ಮನೆ. ಅಣ್ಣ ತನ್ನ ಪಾಲಿನ ಜಮೀನಿನಲ್ಲಿ ಅಪಾರ್ಟ್‌ಮೆಂಟ್ ಎಬ್ಬಿಸಿದ. ಇವರು ಶೆಡ್ ಹಾಕಿ ಲೇತ್ ಮಷಿನ್ ತಂದರು.

ನಮ್ಮ ಬುಷ್ ಕೊಳ್ಳುತ್ತಿದ್ದದ್ದು ಒಂದೇ ಕಂಪನಿ. ಅದು ಒಂದು ವರ್ಷ ಕಳೆದ ಮೇಲೆ ನಮ್ಮ ಮಾಲು ಬೇಡ ಎಂದು ತಿಳಿಸಿತ್ತು. ಅದೇ ಹೊತ್ತಿಗೆ ಜಪಾನಿನ ಒಂದು ಕಂಪನಿ, ನಮ್ಮ ಕೆಲಸ ಹಿಡಿಸಿದರೆ ಅರ್ಧ ಪಾಲಿಗೆ ಸೇರಿ ಹೊಸ ಮಷಿನ್ ಹಾಕುವುದಾಗಿ ಹೇಳಿತು. ಯಜಮಾನರು ನಲವತ್ತು ಜನರನ್ನೂ ಶೆಡ್ಡಿನ ನಡುವೆ ನಿಲ್ಲಿಸಿಕೊಂಡು ಹೇಳಿದರು: “ಜಪಾನಿನವ್ರು ಹೂಂ ಅಂದ್ರೆ ಉಳ್ಕೊಂತೀವಿ. ಇಲ್ಲಾಂದ್ರೆ ಶಟರ್ ಎಳೀಬೇಕು. ಇನ್ನು ನಿಮ್ಮ ಕೈಲಿದೆ.”

ಕೆಲಸ ನಮ್ಮ ಕೈಲಿ ಕೊಡಬಾರದಿತ್ತು.

ಮಾದರಿ

ಜಪಾನಿನಿಂದ ಬಂದ ಮೊದಲ ಕೋರಿಕೆ ಸರಳವಾಗಿತ್ತು. ದಿನನಿತ್ಯ ತಯಾರಾಗುವ ಬುಷ್‌ಗಳಲ್ಲಿ ಐವತ್ತನ್ನು, ಆರಿಸದೆ, ಇದ್ದ ಹಾಗೆ ಕಳಿಸಿಕೊಡಿ.

ನಾನು ಡಬ್ಬ ತಗೊಂಡು ಮಷಿನ್‌ಗಳ ಲೈನಿನ ಕಡೆ ಹೊರಟೆ. ಯಜಮಾನರು ತಡೆದರು.

“ಎಲ್ಲಿಗಮ್ಮಾ?”

“ಇದ್ದ ಹಾಗೆ ಕಳಿಸಿ ಅಂದಿದಾರೆ ಸರ್.”

“ಅನ್ನೋರು ಅಂತಾರೆ. ಹೆಣ್ಣು ನೋಡೋಕೆ ಬರ್ತೀವಿ, ಮನೇಲಿ ಹೆಂಗಿರ್ತಾಳೋ ಹಂಗೇ ಇರ್ಲಿ ಅಂತ ಗಂಡಿನ ಕಡೆಯೋರೂ ಅಂತಾರೆ. ಯಾರಾದ್ರೂ ನೈಟಿಯಲ್ಲಿ ಕೂರಿಸ್ತಾರಾ?”

ಕೆಲಸ ನಮ್ಮ ಹಿರಿಯ ಆಪರೇಟರಿಗೆ ಹೋಯಿತು. ಚಿಕ್ಕಜಾಲದವರು, ಐವತ್ತೆಂಟು ವಯಸ್ಸು. ಲೇತ್ ಮುಂದೆ ನಿಂತರೆ ಕಣ್ಣುಮುಚ್ಚಿ ಕೆಲಸ ಮಾಡುವವರು. ಈ ಸಲ ಕಣ್ಣು ಬಿಟ್ಟು ಮಾಡಿದರು. ಒಂಬತ್ತು ದಿನ ಹಿಡಿಯಿತು. ಒಂದೊಂದನ್ನೂ ಕೈಯಿಂದ ಉಜ್ಜಿದರು, ತಮ್ಮ ಪಂಚೆಯಲ್ಲಿ ಒರೆಸಿದರು, ನನಗೆ ಕೊಟ್ಟರು. ನಾನು ಅಳೆದೆ. ಐವತ್ತೂ ಒಂದೇ ಅಳತೆ. ಒಡವೆ ಅಂಗಡಿಯ ಮಖಮಲ್ ಡಬ್ಬದಲ್ಲಿಟ್ಟು ಕಳಿಸಿದೆವು.

ಮೂರು ವಾರಕ್ಕೆ ಉತ್ತರ ಬಂತು. ಇಷ್ಟು ಸಮನಾದ ಬುಷ್ ತಾವು ಎಲ್ಲೂ ನೋಡಿಲ್ಲ ಎಂದು ಬರೆದಿದ್ದರು. ಯಜಮಾನರು ಅದನ್ನು ಎರಡು ಸಲ ಓದಿಸಿದರು. ಮೂರನೇ ಸಲಕ್ಕೆ ನಾನು ಕೆಳಗಿನ ಸಾಲನ್ನೂ ಓದಿದೆ: ನಿಮ್ಮ ದಿನನಿತ್ಯದ ಕೆಲಸವೇ ಈ ಮಟ್ಟದ್ದು ಎಂದು ತಿಳಿದಿದ್ದರಿಂದ, ಒಪ್ಪಂದವಾದ ಮೇಲೆ ಇದೇ ಅಳತೆಯಲ್ಲಿ ತಿಂಗಳಿಗೆ ನಲವತ್ತು ಸಾವಿರ ಬೇಕಾಗುತ್ತದೆ.

ನಾನು ಲೆಕ್ಕ ಹಾಕಿದೆ. ಒಂಬತ್ತು ದಿನಕ್ಕೆ ಐವತ್ತು. ನಲವತ್ತು ಸಾವಿರಕ್ಕೆ, ಭಾನುವಾರವೂ ಸೇರಿ, ಹತ್ತೊಂಬತ್ತು ವರ್ಷ ಎಂಟೂವರೆ ತಿಂಗಳು. ಅದು ಮೊದಲನೇ ತಿಂಗಳ ಮಾಲು.

ಹಿರಿಯ ಆಪರೇಟರ್ ನನ್ನ ಲೆಕ್ಕದ ಚೀಟಿಯನ್ನು ಎರಡೂ ಕಡೆ ತಿರುಗಿಸಿ ನೋಡಿದರು.

“ಆಗ್ದೇ ಇರೋದೇನಲ್ಲ ಕಣವ್ವ. ನನ್ ರಿಟೈರ್‌ಮೆಂಟು ಒಸಿ ಮುಂದಕ್ ಆಕ್ಸು.”

ಐದು ಯಾಕೆ

ಆಮೇಲೆ ಜಪಾನಿನಿಂದ ಒಬ್ಬ ಇಂಜಿನಿಯರ್ ಬಂದರು. ಆರು ತಿಂಗಳು ಇದ್ದು ನಮ್ಮನ್ನು ನೋಡಿ ವರದಿ ಕೊಡುವುದು ಅವರ ಕೆಲಸ. ಜೊತೆಗೆ ಆರ್.ಟಿ. ನಗರದಿಂದ ದಿನಾ ಸ್ಕೂಟಿಯಲ್ಲಿ ಬರುವ ದುಭಾಷಿ ಮೇಡಂ. ಜಪಾನಿನಲ್ಲಿ ಹೆಸರಿನ ಕೊನೆಗೆ ‘ಸಾನ್’ ಸೇರಿಸಿದರೆ ಗೌರವ ಎಂದು ಮೇಡಂ ಮೊದಲ ದಿನವೇ ಹೇಳಿಕೊಟ್ಟರು. ಹೆಸರು ಯಾರ ಬಾಯಿಗೂ ಬರಲಿಲ್ಲ. ಗೌರವ ಮಾತ್ರ ಉಳಿಯಿತು. ಇಡೀ ಶೆಡ್ಡಿಗೆ ಅವರು ‘ಸಾನ್ ಅವ್ರು’ ಆದರು.

ಸಾನ್ ಅವ್ರ ಹತ್ತಿರ ಒಂದು ಪದ್ಧತಿ ಇತ್ತು. ಏನಾದರೂ ಕೆಟ್ಟರೆ ಐದು ಸಲ ‘ಯಾಕೆ’ ಎಂದು ಕೇಳಬೇಕು. ಐದನೆಯದಕ್ಕೆ ನಿಜವಾದ ಕಾರಣ ಸಿಗುತ್ತದೆ. ಓದಿದ ನನಗೆ ಬಹಳ ಹಿಡಿಸಿತು. ಇಂಥದ್ದಕ್ಕೇ ಕಾಯುತ್ತಿದ್ದೆ.

ಮೂರನೇ ನಂಬರ್ ಮಷಿನ್ನಿನ ಕೆಳಗೆ ಆಯಿಲ್ ಸೋರಿತ್ತು. ಸಾನ್ ಅವ್ರು ಬಗ್ಗಿ ನೋಡಿ ಕೇಳಿದರು: ಯಾಕೆ?

“ವಾಷರ್ ಸವೆದದೆ” ಎಂದರು ಹಿರಿಯ ಆಪರೇಟರ್.

ವಾಷರ್ ಬದಲಾಯಿಸಲಿಲ್ಲ, ಯಾಕೆ?

“ಇಂದ್ಗಡೆ ಐತೆ. ಕೈ ಓಗಲ್ಲ. ಮಷಿನ್ನು ಗೋಡೆಗ್ ಅಂಟ್ಕೊಂಡದೆ.”

ಗೋಡೆಗೆ ಅಂಟಿಸಿ ಇಟ್ಟದ್ದು ಯಾಕೆ?

“ಗೋಡೆನೇ ಅಲ್ಲಿ ಒಳಕ್ಕೆ ಬಂದದೆ. ನೋಡಿ, ಸೊಟ್ಟಕ್ಕೆ.”

ಸಾನ್ ಅವ್ರು ದಾರ ಹಿಡಿದು ನೋಡಿದರು. ನಿಜ. ಗೋಡೆ ನಾಲ್ಕಡಿ ಒಳಗೆ ಬಾಗಿತ್ತು. ಯಾಕೆ?

ಆಪರೇಟರ್ ಯಜಮಾನರ ಮುಖ ನೋಡಿದರು. ಯಜಮಾನರು ಫೋನ್ ನೋಡಿದರು. ಫೋನ್ ಸುಮ್ಮನಿತ್ತು.

“ಆ ನಾಲ್ಕಡಿ ನಮ್ಮಣ್ಣಂದು” ಎಂದರು ಯಜಮಾನರು. “ಕೊಡ್ತೀನಿ ಅಂದಿದ್ದ. ಆಮೇಲೆ ಕೊಡ್ಲಿಲ್ಲ.”

ಮೇಡಂ ಅನುವಾದಿಸಿದರು. ಸಾನ್ ಅವ್ರು ಐದನೆಯ ಬೆರಳು ಎತ್ತಿದರು. ಯಾಕೆ?

ಯಜಮಾನರು ಬೆವರು ಒರೆಸಿಕೊಂಡರು. “ನಮ್ಮನೆ ಗೃಹಪ್ರವೇಶಕ್ಕೆ ಅವ್ನಿಗೆ ವಾಟ್ಸಾಪಲ್ಲಿ ಕಾರ್ಡ್ ಕಳಿಸ್ಬಿಟ್ಟೆ. ಮನೆಗೆ ಹೋಗಿ ಕುಂಕುಮ ಇಟ್ಟು ಕರೀಲಿಲ್ಲ. ಅತ್ತಿಗೆಗೆ ಅದು ಮನಸ್ಸಿಗೆ ಹತ್ತಿತು.”

ಸಾನ್ ಅವ್ರು ತಲೆಯಾಡಿಸಿದರು. ನಮಗೆ ಮುಜುಗರ, ಅವರಿಗೆ ಸಮಾಧಾನ. ಪದ್ಧತಿ ಕೆಲಸ ಮಾಡಿತ್ತು. ನನ್ನ ಕೈಲಿ ಫಾರಂ ತುಂಬಿಸಿದರು. ದೋಷ: ಆಯಿಲ್ ಸೋರಿಕೆ. ಮೂಲ ಕಾರಣ: ಗೃಹಪ್ರವೇಶದ ಆಹ್ವಾನ ಖುದ್ದಾಗಿ ತಲುಪಿಲ್ಲ. ಪರಿಹಾರ: ಖುದ್ದಾಗಿ ತಲುಪಿಸುವುದು. ಹೊಣೆ: ಯಜಮಾನರು.

“ಗೃಹಪ್ರವೇಶ ಆಗಿ ಆರು ವರ್ಷ ಆಯ್ತಲ್ಲಮ್ಮಾ” ಎಂದರು ಯಜಮಾನರು, ಸಾನ್ ಅವ್ರು ಹೋದ ಮೇಲೆ. “ಈಗ ಹೋಗಿ ಬನ್ನಿ ಅಂದ್ರೆ ಅವ್ನು ಎಲ್ಲಿಗೆ ಬರ್ತಾನೆ? ಒಳಗಡೆ ಪೇಂಟೇ ಎರಡು ಸಲ ಆಗಿದೆ.”

ಪ್ರತಿ ಸೋಮವಾರ ಪರಿಶೀಲನೆ. ಸಾನ್ ಅವ್ರು ಫಾರಂ ತೆರೆದು ಆ ಸಾಲಿನ ಮೇಲೆ ಬೆರಳಿಡುತ್ತಿದ್ದರು. ನಾನು ಯಜಮಾನರ ಕಡೆ ನೋಡುತ್ತಿದ್ದೆ. ಯಜಮಾನರು ಕಿಟಕಿಯಿಂದ ಅಣ್ಣನ ಅಪಾರ್ಟ್‌ಮೆಂಟಿನ ಕಡೆ ನೋಡುತ್ತಿದ್ದರು. ನಾನು ‘ಬಾಕಿ ಇದೆ’ ಎಂದು ಬರೆಯುತ್ತಿದ್ದೆ. ಹನ್ನೊಂದು ವಾರ ಬರೆದೆ. ಅಷ್ಟು ಹೊತ್ತಿಗೆ ಸೋರಿದ ಆಯಿಲ್ ಹಿಡಿಯಲು ಆಪರೇಟರ್ ಒಂದು ಬಾಣಲೆ ಇಟ್ಟಿದ್ದರು. ಆ ವಾರ ಫಾರಂ ನೋಡಿದ ಸಾನ್ ಅವ್ರು ಮೇಡಂ ಕಿವಿಯಲ್ಲಿ ಏನೋ ಹೇಳಿದರು.

ಮೇಡಂ ನನ್ನ ಕಡೆ ತಿರುಗಿದರು. “ಅವ್ರೇ ಬೇಕಾದ್ರೆ ಅಣ್ಣನ ಮನೆಗೆ ಹೋಗಿ ಕುಂಕುಮ ಇಟ್ಟು ಬರ್ತಾರಂತೆ ಕಣ್ರೀ. ಕಂಪನಿ ಪರವಾಗಿ.”

ಹಳದಿ ಹಗ್ಗ

ಒಂದು ದಿನ ಲೈನಿನ ಉದ್ದಕ್ಕೂ ಹಳದಿ ಹಗ್ಗ ಬಂತು. ಯಾರಿಗೇ ತಪ್ಪು ಕಂಡರೂ ಎಳೆಯಬೇಕು. ದೀಪ ಹತ್ತುತ್ತದೆ, ಲೈನ್ ನಿಲ್ಲುತ್ತದೆ, ಎಲ್ಲರೂ ಸೇರಿ ಸರಿ ಮಾಡುತ್ತಾರೆ. ಎಳೆದವರನ್ನು ಬೈಯುವ ಹಾಗಿಲ್ಲ, ಹೊಗಳಬೇಕು.

ಒಂದು ತಿಂಗಳು ಯಾರೂ ಎಳೆಯಲಿಲ್ಲ. ಬುಷ್‌ಗಳಲ್ಲಿ ತಪ್ಪು ಇರಲಿಲ್ಲವೆಂದಲ್ಲ. ದಿನಾ ಸಂಜೆ ನನ್ನ ಮೇಜಿನ ಮೇಲೆ ಫೇಲಾದವುಗಳ ಒಂದು ಬುಟ್ಟಿ ಇರುತ್ತಿತ್ತು.

“ಯಾಕೆ ಎಳೀತಿಲ್ಲ?” ಎಂದು ಹಿರಿಯ ಆಪರೇಟರನ್ನು ಕೇಳಿದೆ.

“ನಾನ್ ಎಳುದ್ರೆ ಪಕ್ಕದೋನ್ ಮರ್ಯಾದೆ ಓಗ್ತದೆ. ಸಂಜೆ ಅವನ್ ಜೊತೆನೇ ಬಸ್ಸಲ್ಲಿ ಓಗ್ಬೇಕು ನಾನು. ದೀಪ ಬೇರೆ ಕೆಂಪ್ಗೆ ಉರೀತದೆ. ಯಾರ್ ಮನೇಲೋ ಸತ್ತಂಗೆ.”

ಯಾರೂ ಎಳೆಯದಿದ್ದರೆ ವರದಿ ಕೆಡುತ್ತದೆ, ವರದಿ ಕೆಟ್ಟರೆ ನಲವತ್ತು ಜನರ ಕೆಲಸ ಕೆಡುತ್ತದೆ ಎಂದು ವಿವರಿಸಿದೆ. ಅವರು ಅರ್ಥ ಮಾಡಿಕೊಂಡರು. ಮಾರನೆಯ ದಿನದಿಂದ ಹಗ್ಗ ಎಳೆಯಲು ಶುರುವಾಯಿತು. ದಿನಕ್ಕೆ ಸರಿಯಾಗಿ ಎರಡು ಸಲ. ಸಾನ್ ಅವ್ರು ಸಂತೋಷದಿಂದ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಮೂರು ವಾರಕ್ಕೆ ಸಾನ್ ಅವ್ರು ತಪ್ಪುಗಳ ನಕ್ಷೆ ಬರೆದು ಗೋಡೆಗೆ ಅಂಟಿಸಿದರು. ಅದರ ಮುಂದೆ ಅರ್ಧ ದಿನ ನಿಂತರು. ಯಾವ ಮಷಿನ್ನಿನಲ್ಲೂ ತಪ್ಪು ಎರಡನೇ ಸಲ ಬರುತ್ತಿರಲಿಲ್ಲ. ಬೆಳಗ್ಗೆ ಒಬ್ಬರದು, ಮಧ್ಯಾಹ್ನ ಅವರ ಪಕ್ಕದವರದು, ಮಾರನೆಯ ದಿನ ಮುಂದಿನವರದು. ಅವರ ಅನುಭವದಲ್ಲಿ ಇಂಥ ದೋಷ ನೋಡಿರಲಿಲ್ಲವಂತೆ. ಉಷ್ಣಾಂಶ ಅಳೆದರು, ಕರೆಂಟ್ ಅಳೆದರು, ಹತ್ತಿರದ ರಸ್ತೆಯಲ್ಲಿ ಲಾರಿ ಓಡಿದಾಗ ನೆಲ ಎಷ್ಟು ಅದುರುತ್ತದೆ ಎಂದೂ ಅಳೆದರು.

ನಾನು ಹಾಜರಿ ಪುಸ್ತಕ ತಂದು ನಕ್ಷೆಯ ಪಕ್ಕ ಹಿಡಿದೆ. ಹೆಸರುಗಳು ಅದೇ ಕ್ರಮದಲ್ಲಿದ್ದವು. ಯಾರಿಗೂ ಬೇಜಾರಾಗಬಾರದೆಂದು ಸರದಿ ಮಾಡಿಕೊಂಡಿದ್ದರು.

“ಇವತ್ ಯಾರ್ದು?” ಎಂದು ಕೇಳಿದೆ.

“ನಂದಿತ್ತು ಕಣವ್ವ” ಎಂದರು ಹಿರಿಯ ಆಪರೇಟರ್. “ಪಕ್ಕದೋನ್ ನಾಳೆ ರಜಾ. ಅದ್ಕೇ ಅವನ್ ತಪ್ಪು ಇವತ್ತೇ ಮಾಡ್ ಮುಗುಸ್ದ.”

ಪೂಜೆ

ಐದನೆಯ ತಿಂಗಳಲ್ಲಿ, ನಮ್ಮ ಮಾಲನ್ನು ಪರೀಕ್ಷಿಸಲೆಂದು, ಜಪಾನಿನಿಂದ ಅಳತೆಯ ಮಷಿನ್ ಬಂತು. ಮಿಲಿಮೀಟರನ್ನು ಸಾವಿರ ಪಾಲು ಮಾಡಿ, ಒಂದು ಪಾಲು ಹೆಚ್ಚುಕಡಿಮೆಯಾದರೂ ಹಿಡಿಯುತ್ತದೆ. ಅದಕ್ಕೆಂದೇ ಗಾಜಿನ ಕೋಣೆ ಕಟ್ಟಿದೆವು. ಒಳಗೆ ಎಸಿ. ಒಂದು ಕಣ ಧೂಳು ಬರುವ ಹಾಗಿಲ್ಲ. ಬೀಗದ ಕೈ ನನ್ನ ಹತ್ತಿರ. ಬದುಕಿನಲ್ಲಿ ಮೊದಲ ಸಲ ನನ್ನ ಓದಿಗೆ ತಕ್ಕ ಜಾಗ ಸಿಕ್ಕಿತ್ತು.

ಎಂಟನೇ ದಿನಕ್ಕೆ ಆಯುಧಪೂಜೆ ಬಂತು. ಬೀಗದ ಕೈ ಕೊಡುವುದಿಲ್ಲ ಎಂದೆ.

“ಎಲ್ಲಾ ಮಷಿನ್‌ಗೂ ಮಾಡಿ ಅದೊಂದಕ್ಕೆ ಬಿಟ್ರೆ ಹೆಂಗಮ್ಮಾ?” ಎಂದರು ಯಜಮಾನರು. “ದೂರದಿಂದ ಬಂದಿದೆ. ನೆಂಟ್ರಿಗೆ ಕುಂಕುಮ ಕೊಡ್ದೆ ಕೂರಿಸ್ತೀವಾ?”

ಬೀಗದ ಕೈ ಹೋಯಿತು. ಕುಂಕುಮ, ಅರಿಶಿನ, ವಿಭೂತಿ, ಚೆಂಡು ಹೂವು, ಊದುಬತ್ತಿ, ಮಂಗಳಾರತಿ ಎಲ್ಲಾ ಗಾಜಿನ ಕೋಣೆಯೊಳಗೆ ಹೋದವು. ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದರು. ಸಾನ್ ಅವ್ರು ಬೂಟು ಬಿಚ್ಚಿ ಕೈಮುಗಿದು ನಿಂತಿದ್ದರು. ಸಾನ್ ಅವ್ರ ಹಣೆಗೂ ಮೇಡಂ ಕುಂಕುಮ ಇಟ್ಟರು. ಅವರ ಕಣ್ಣು ಮಾತ್ರ ಎಸಿಯ ಗಾಳಿಯಲ್ಲಿ ತೇಲುತ್ತಿದ್ದ ವಿಭೂತಿಯ ಹಿಂದೆ ಹೋಗುತ್ತಿತ್ತು.

ಹಬ್ಬ ಮುಗಿದು ಮಷಿನ್ ಹಾಕಿದರೆ ಅದು ಯಾವ ಬುಷ್ಷನ್ನೂ ಒಪ್ಪಲಿಲ್ಲ. ಎಲ್ಲಾ ದಪ್ಪ. ಭೂತಗನ್ನಡಿಯಲ್ಲಿ ನೋಡಿದೆ. ಮಷಿನ್ನಿನ ಕಲ್ಲಿನ ಹಾಸಿನ ಮೇಲೆ ಅರಿಶಿನದ ಪದರ. ಮೂರು ದಿನ ನಾನೂ ಸಾನ್ ಅವ್ರೂ ಎದುರುಬದುರು ಮಂಡಿಯೂರಿ, ಹತ್ತಿಯಿಂದ ಒರೆಸಿದೆವು. ಭಾಷೆ ಬೇಕಾಗಲಿಲ್ಲ. ನಿಟ್ಟುಸಿರು ಎರಡೂ ದೇಶದಲ್ಲಿ ಒಂದೇ.

ಹಿರಿಯ ಆಪರೇಟರ್ ಗಾಜಿನಾಚೆ ನಿಂತು ನೋಡಿದರು.

“ಎಷ್ಟ್ ತಪ್ಪು ತೋರುಸ್ತು ಅಂದ್ರಿ?”

“ಮೂರು ಪಾಲು.”

“ಪೂಜೆ ಮಾಡಿದ್ಕೆ ಮೂರು” ಎಂದರು. “ಮಾಡ್ದಿದ್ರೆ ಎಷ್ಟ್ ತೋರುಸ್ತಿತ್ತೋ, ಲೆಕ್ಕ ಆಕಿ.”

ಇಲ್ಲ ಅನ್ನದವರು

ನಮ್ಮ ಯಜಮಾನರು ಇಷ್ಟು ವರ್ಷದಲ್ಲಿ ಯಾರಿಗೂ ಇಲ್ಲ ಅಂದವರಲ್ಲ. ಮನೆಯವರ ಮದುವೆಗೆ ಹದಿನೈದು ದಿನ ರಜಾ ಕೇಳಿದರೆ, “ನೋಡೋಣ.” ಸಂಬಳ ಹೆಚ್ಚು ಮಾಡಿ ಎಂದರೆ, “ನೋಡೋಣ.” ಫ್ಯಾನ್ ಕೇಳಿದರೆ, “ನೋಡೋಣ, ಬೇಸಿಗೆ ಕಳೀಲಿ.” ಹೊಸಬರು ಒಂದು ತಿಂಗಳು ಕಾಯುತ್ತಾರೆ. ಆಮೇಲೆ ತಿಳಿಯುತ್ತದೆ. ಬೇರೆ ಯಾರಾದರೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅಂದರೆ ಯಜಮಾನರಿಗೇ ಮನಸ್ಸಿಗೆ ನೋವು. “ಒಂದ್ ಮಾತು ನೋಡೋಣ ಅನ್ನೋಕೆ ಏನಾಗಿತ್ತು ಅವ್ನಿಗೆ?” ಎನ್ನುತ್ತಾರೆ.

ಆರು ತಿಂಗಳು ಮುಗಿಯಿತು. ಸಾನ್ ಅವ್ರು ಹೊರಡುವಾಗ ನಲವತ್ತು ಜನರ ಹತ್ತಿರವೂ ಹೋಗಿ ಕೈ ಹಿಡಿದುಕೊಂಡರು. ಹಿರಿಯ ಆಪರೇಟರ್ ಮುಂದೆ ಬಹಳ ಹೊತ್ತು ಬಾಗಿ ನಿಂತರು. ಆಪರೇಟರೂ ಬಾಗಿದರು. ಮೊದಲು ಯಾರು ಏಳಬೇಕು ಎಂದು ಗೊತ್ತಾಗದೆ ಇಬ್ಬರೂ ಹಾಗೇ ಇದ್ದರು. ಕೊನೆಗೆ ಮೇಡಂ ಇಬ್ಬರನ್ನೂ ಎಬ್ಬಿಸಿದರು.

ಐದು ವಾರ ಏನೂ ಬರಲಿಲ್ಲ. ಹಳೇ ಕಂಪನಿಯ ಕೊನೆಯ ಲಾರಿ ಹೋಯಿತು. ಜನ ಕೆಲಸವಿಲ್ಲದೆ ಮಷಿನ್ ಒರೆಸುತ್ತಾ ಕೂತರು. ಒರೆಸಿದ್ದನ್ನೇ ಒರೆಸಿದರು. ಹಿರಿಯ ಆಪರೇಟರ್ ದಿನಾ ಬೆಳಗ್ಗೆ ನನ್ನ ಮೇಜಿನ ಹತ್ತಿರ ಬಂದು, ಟಪಾಲು ನೋಡಿ, ಹೋಗುತ್ತಿದ್ದರು.

ಆಮೇಲೆ ಜಪಾನಿನಿಂದ ಪತ್ರ ಬಂತು. ಎರಡು ಪುಟ, ಇಂಗ್ಲಿಷಿನಲ್ಲಿ. ಯಜಮಾನರು ಓದು ಎಂದರು. ನಾನು ಓದಿದೆ. ಆಮೇಲೆ ವಾಕ್ಯಗಳನ್ನು ಎಣಿಸಿದೆ, ಅಭ್ಯಾಸ. ಒಟ್ಟು ಇಪ್ಪತ್ಮೂರು. ವಂದನೆ ಹೇಳುವವು ಹನ್ನೊಂದು. ನಮ್ಮ ಉಪಚಾರದ ಬಗ್ಗೆ ಐದು. ಎಲ್ಲರ ಆರೋಗ್ಯಕ್ಕೆ ಹಾರೈಕೆ ನಾಲ್ಕು. ಎರಡು ದೇಶಗಳ ಸ್ನೇಹದ ಬಗ್ಗೆ ಎರಡು. ಉಳಿದದ್ದು ಒಂದೇ: ಈಗಿನ ಪರಿಸ್ಥಿತಿಯಲ್ಲಿ ಸ್ವಲ್ಪ ಕಷ್ಟವಿದೆ, ಆದರೂ ಮುಂದೆ ಒಳ್ಳೆಯ ಮನಸ್ಸಿನಿಂದ ಪರಿಶೀಲಿಸುತ್ತೇವೆ.

“ಆಯ್ತಲ್ಲ!” ಯಜಮಾನರು ಮೇಜು ಕುಟ್ಟಿದರು. “ಮುಂದೆ ಪರಿಶೀಲಿಸ್ತೀವಿ ಅಂದಿದಾರೆ. ಒಳ್ಳೆ ಮನಸ್ಸಿಂದ!”

“ಸ್ವಲ್ಪ ಕಷ್ಟವಿದೆ ಅಂತಾನೂ ಇದೆ ಸರ್.”

“ಕಷ್ಟ ಯಾರಿಗಿಲ್ಲಮ್ಮಾ? ಅದೂ ಸ್ವಲ್ಪ.”

ಅವರೇ ಯಲಹಂಕಕ್ಕೆ ಗಾಡಿ ತಗೊಂಡು ಹೋಗಿ ಮೈಸೂರುಪಾಕಿನ ಡಬ್ಬಗಳನ್ನು ತಂದರು. ನಲವತ್ತು ಜನ ಶೆಡ್ಡಿನ ನಡುವೆ ಸೇರಿದರು. ಐದು ವಾರದಿಂದ ಮುಚ್ಚಿದ್ದ ಬಾಯಿಗಳು ತೆರೆದವು. ಯಾರೋ ಶಿಳ್ಳೆ ಹೊಡೆದರು.

ನಾನು ಹೊರಗೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಆ ಒಂದು ವಾಕ್ಯವನ್ನು ಓದಿ ಹೇಳಿದೆ. ಅವರು ಮತ್ತೊಮ್ಮೆ ಓದಿಸಿದರು.

“ಸ್ವಲ್ಪ ಕಷ್ಟ ಅಂತ ಬರೆದಿದಾರಾ? ನೀವೇ ಸೇರಿಸ್ಲಿಲ್ಲ ತಾನೇ?”

“ಇಲ್ಲ. ಹಂಗೇ ಇದೆ.”

“ಮುಗೀತು ಕಣ್ರೀ” ಎಂದರು. “ಅವ್ರು ಆಗಲ್ಲ ಅನ್ನೋದು ಹಂಗೇ. ಅದಕ್ಕಿಂತ ಜೋರಾಗಿ ಅವ್ರಿಗೆ ಬರಲ್ಲ. ಅಷ್ಟು ಬರೆಯೋಕೇ ಅವ್ರಿಗೆ ಐದು ವಾರ ಬೇಕಾಯ್ತು ನೋಡಿ. ಪಾಪ.”

ಪಾಪ ಅಂದದ್ದು ಯಾರಿಗೆ ಎಂದು ನಾನು ಕೇಳಲಿಲ್ಲ.

ಒಳಗೆ ಬಂದೆ. ದಾರಿಯಲ್ಲಿ ವಾಕ್ಯ ತಯಾರು ಮಾಡಿಕೊಂಡಿದ್ದೆ. ನಾನು ಅಳತೆಯ ಕೆಲಸದವಳು. ಬುಷ್ ಪಾಸ್, ಇಲ್ಲವೇ ಫೇಲ್. ಮೂರನೆಯ ಬುಟ್ಟಿ ನನ್ನ ಮೇಜಿನ ಮೇಲಿಲ್ಲ. ಯಜಮಾನರು ಕೆನ್ನೆ ಉಬ್ಬಿಸಿಕೊಂಡು ಮೈಸೂರುಪಾಕು ಅಗಿಯುತ್ತಿದ್ದರು. ಬೆರಳಿನ ತುಪ್ಪ ಪಂಚೆಗೆ ಒರೆಸಿಕೊಂಡು ಕೇಳಿದರು:

“ಏನಂದ್ರಮ್ಮಾ ಮೇಡಂ? ಯಾವಾಗ ಬರ್ತಾರಂತೆ?”

ಅವರ ಕಣ್ಣು ನೋಡಿದೆ. ಬಾಯಿ ತೆರೆದೆ. ತಯಾರು ಮಾಡಿದ್ದ ವಾಕ್ಯ ಬರಲಿಲ್ಲ.

“ನೋಡೋಣ ಅಂದಿದಾರಂತೆ ಸರ್” ಎಂದೆ.

ಯಜಮಾನರ ಕೆನ್ನೆ ನಿಂತಿತು. ಒಳಗಿದ್ದದ್ದನ್ನು ನುಂಗಲೂ ಇಲ್ಲ, ಉಗುಳಲೂ ಇಲ್ಲ. ಕೈಯಿಂದ ತಡವುತ್ತಾ ಸ್ಟೂಲು ಹುಡುಕಿ ಕೂತರು.

ಆಚೆಯಿಂದ ಹಿರಿಯ ಆಪರೇಟರ್, ಮೂವತ್ತೊಂಬತ್ತು ಜನರ ಮುಂದೆ ನಿಂತು, ಅರ್ಧ ಕಚ್ಚಿದ ತುಂಡು ಕೈಲಿ ಹಿಡಿದು, ಜೋರಾಗಿ ಕೇಳಿದರು: “ಏನ್ ಯಜಮಾನ್ರೇ, ಬತ್ತಾರಂತಾ? ಖಾಯಮ್ಮಾ?”

ಯಜಮಾನರು ಎದ್ದರು. ಒಬ್ಬೊಬ್ಬರ ಮುಖವನ್ನೂ ನೋಡಿದರು. ನಗಲು ಪ್ರಯತ್ನಿಸಿದರು.

“ನೋಡೋಣ” ಎಂದರು.

ನಲವತ್ತು ದವಡೆಗಳು ಒಂದೇ ಸಲ ನಿಂತವು. ಆರು ತಿಂಗಳಲ್ಲಿ ನಮ್ಮ ಲೈನು ಅಷ್ಟು ಚೆನ್ನಾಗಿ ಒಟ್ಟಿಗೆ ನಿಂತದ್ದು ಅದೇ ಮೊದಲು. ಯಾರಿಗೂ ವಿವರಿಸಿ ಹೇಳಬೇಕಾಗಲಿಲ್ಲ.

ಹಿರಿಯ ಆಪರೇಟರ್ ಕೈಲಿದ್ದ ತುಂಡನ್ನು ನೋಡಿದರು. ಅದನ್ನು ಬಾಯಿಗೆ ಹಾಕಿಕೊಳ್ಳಲಿಲ್ಲ. ಜೇಬಿನಿಂದ ಕರ್ಚೀಫು ತೆಗೆದು ಬಿಡಿಸಿ, ಮಡಿಕೆಗಳನ್ನು ಸರಿ ಮಾಡಿ, ನಿಧಾನವಾಗಿ ಯಜಮಾನರ ಮುಂದೆ ಚಾಚಿದರು.

“ಅಂಗಾರೆ ಡಬ್ಬ ಇತ್ಲಾಗ್ ಕೊಡಿ ಸಾಮಿ. ಮನೇಗೂ ಒಂದೆರಡು ಕಟ್ಕೊತೀನಿ. ‘ನೋಡೋಣ’ ಅಂದ್ರು ಅಂತ ನನ್ ಎಂಡ್ತಿಗೆ ಬರೀ ಕೈಲಿ ಓಗಿ ಏಳೋಕಾಯ್ತದಾ?”